ಬಟ್ಟೆ ಹೇಳಿದ ಹೂವು

ನಿಮ್ಮಲ್ಲಿ ಎಷ್ಟು ಜನ ಎರಡು ಜಡೆ ಹಾಕಿ, ಮೇಲಕ್ಕೆ ಮಡಚಿ, ರಿಬ್ಬನ್ ಕಟ್ಟಿಕೊಂಡು ಶಾಲೆಗೆ ಹೋಗಿದ್ದೀರಿ? ಕೈ ಎತ್ತಿ ನೋಡೋಣ. ಹಾಂ, ಮುಕ್ಕಾಲು ಪಾಲು ಇದ್ದೀರಿ. ಹಾಗಾದರೆ ಬಟ್ಟೆ ಹೂವು ಮಾಡೋದು ನಿಮಗೆ ಆಗಲೇ ಗೊತ್ತು. ಗಂಟು ಹಾಕಿ, ಎರಡು ಕುಣಿಕೆ ಎಳೆದು, ಅದರೊಳಗೆ ಬೆರಳು ತೂರಿಸಿ ಅರಳಿಸುತ್ತಿದ್ದೆವಲ್ಲ, ಅದೇ ನಮ್ಮ ಮೊದಲ ಹೂವು. ಸಂಜೆ ಮನೆಗೆ ಬರುವ ಹೊತ್ತಿಗೆ ಒಂದು ಹೂವು ನೇತಾಡುತ್ತಿರುತ್ತಿತ್ತು, ಇನ್ನೊಂದು ಯಾರ ಕೈಗೋ ಸಿಕ್ಕಿ ಬಿಚ್ಚಿಹೋಗಿರುತ್ತಿತ್ತು. ರಾತ್ರಿ ರಿಬ್ಬನ್ ಒದ್ದೆ ಮಾಡಿ ತಾಮ್ರದ ಚೊಂಬಿಗೆ ಬಿಗಿಯಾಗಿ ಸುತ್ತಿಟ್ಟರೆ ಬೆಳಿಗ್ಗೆ ಇಸ್ತ್ರಿ ಮಾಡಿದ ಹಾಗೆ ಮಟ್ಟಸವಾಗಿರುತ್ತಿತ್ತು. ನಮ್ಮ ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಇರಲಿಲ್ಲ. ಚೊಂಬು ಇತ್ತು.

ಆ ರಿಬ್ಬನ್ ನನಗೆ ಒಂದು ಪಾಠ ಹೇಳಿಕೊಟ್ಟಿತ್ತು. ಅದು ಅರ್ಥ ಆಗಿದ್ದು ಮಾತ್ರ ಎಷ್ಟೋ ವರ್ಷ ಹೊಲಿಗೆ ಅಂಗಡಿ ನಡೆಸಿದ ಮೇಲೆ. ಸೋಮವಾರದ ಬಿಳಿ ರಿಬ್ಬನ್ ಗರಿಗರಿಯಾಗಿತ್ತು, ಕಟ್ಟಿದ ಹಾಗೆ ನಿಲ್ಲುತ್ತಿತ್ತು. ಉಳಿದ ದಿನದ ನೀಲಿ ರಿಬ್ಬನ್ ನುಣುಪು, ಎಷ್ಟು ಬಿಗಿ ಮಾಡಿದರೂ ಜಾರುತ್ತಿತ್ತು. ಕೈ ಅದೇ, ಗಂಟು ಅದೇ, ಹೂವು ಬೇರೆ ಬೇರೆ. ಇವತ್ತು ಕಲಿಯೋಕೆ ಬರುವವರು ಮೊದಲು ಕೇಳುವುದು "ಮೇಡಂ, ಗುಲಾಬಿ ಹೇಗೆ ಮಾಡೋದು, ಕಮಲ ಹೇಗೆ ಮಾಡೋದು" ಅಂತ. ನಾನು ತಿರುಗಿ ಕೇಳುತ್ತೇನೆ: "ಕೈಯಲ್ಲಿರೋ ಬಟ್ಟೆ ಯಾವುದು?" ಅದನ್ನು ತಿಳಿದುಕೊಂಡರೆ ಯಾವ ಹೂವು ಆಗುತ್ತೆ ಅಂತ ಬಟ್ಟೆಯೇ ಹೇಳುತ್ತದೆ. ಇವತ್ತು ನಾನು ಹೇಳಬೇಕು ಅಂತ ಬಂದಿರೋದು ಇಷ್ಟೇ. ಉಳಿದದ್ದೆಲ್ಲ ಇದರ ಸುತ್ತಲಿನ ಕಥೆ.

ಮೊದಲು ಬಟ್ಟೆ ಯಾವುದು ಅಂತ ಕಂಡುಹಿಡಿಯೋದು ಹೇಗೆ? ಅಂಗಡಿಯವರು ಎಲ್ಲಕ್ಕೂ ಸಿಲ್ಕ್ ಅಂತಾರೆ. ಕತ್ತರಿಸಿದ ಒಂದು ಚೂರಿನಿಂದ ನಾಲ್ಕು ಎಳೆ ಬಿಡಿಸಿ, ಚಿಮಟದಲ್ಲಿ ಹಿಡಿದು ಬೆಂಕಿಗೆ ತೋರಿಸಿ. ಹತ್ತಿ ಆದರೆ ಕಾಗದದ ಹಾಗೆ ಉರಿಯುತ್ತದೆ, ವಾಸನೆಯೂ ಕಾಗದ ಸುಟ್ಟಂತೆ, ಉಳಿಯೋದು ಮೆತ್ತಗಿನ ಬೂದಿ. ರೇಷ್ಮೆ ಆದರೆ ಕೂದಲು ಸುಟ್ಟ ವಾಸನೆ. ಅದೂ ಕೂದಲಿನ ಹಾಗೆ ಪ್ರೋಟೀನೇ ತಾನೆ. ಸುಟ್ಟ ಜಾಗದಲ್ಲಿ ಕಪ್ಪು ಉಂಡೆ ನಿಂತಿರುತ್ತದೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಮೊದಲು ಹಿಂದಕ್ಕೆ ಸರಿಯುತ್ತದೆ, ಕರಗುತ್ತದೆ, ಆಮೇಲೆ ಗಟ್ಟಿ ಮಣಿ ಆಗುತ್ತದೆ. ಆ ಮಣಿ ಪುಡಿಯಾಗುವುದಿಲ್ಲ. ಆರುವವರೆಗೆ ಮುಟ್ಟಲೂಬಾರದು, ಚರ್ಮಕ್ಕೆ ಅಂಟಿದರೆ ಬಿಡುವುದಿಲ್ಲ. ಈ ಬೆರಳು ನೋಡಿ, ಈ ಕಲೆ ಅದರದ್ದೇ.

ಈಗ ಸ್ಯಾಟಿನ್ ರಿಬ್ಬನ್ನಿಗೆ ಬರೋಣ. ನಿಮ್ಮೆಲ್ಲರ ಮುಂದೆ ಇರೋದು ಅದೇ. ಸ್ಯಾಟಿನ್ ಅಂದರೆ ಒಂದು ಥರದ ನೂಲು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದು ನೇಯ್ಗೆಯ ಹೆಸರು. ಮಾಮೂಲಿ ನೇಯ್ಗೆಯಲ್ಲಿ ಉದ್ದಕ್ಕೆ ಹೋಗುವ ಹಾಸಿನ ಎಳೆ ಅಡ್ಡಕ್ಕೆ ಹೋಗುವ ಹೊಕ್ಕಿನ ಎಳೆಯ ಮೇಲೊಂದು ಸಲ, ಕೆಳಗೊಂದು ಸಲ ಹೋಗುತ್ತದೆ, ಚಾಪೆ ಹೆಣೆದ ಹಾಗೆ. ಸ್ಯಾಟಿನ್‌ನಲ್ಲಿ ಹಾಸಿನ ಎಳೆ ನಾಲ್ಕೋ ಅದಕ್ಕಿಂತ ಜಾಸ್ತಿಯೋ ಎಳೆಗಳ ಮೇಲೆ ಹಾದುಹೋಗಿ ಆಮೇಲೆ ಒಂದು ಸಲ ಕೆಳಗೆ ಇಳಿಯುತ್ತದೆ. ಮೇಲ್ಮೈ ತುಂಬಾ ಉದ್ದುದ್ದ ಎಳೆಗಳೇ ಇರುವುದರಿಂದ ಆ ಹೊಳಪು. ಜಾರೋದೂ ಅದಕ್ಕೇ, ಕತ್ತರಿಸಿದ ಕಡೆ ಎಳೆ ಬಿಡೋದೂ ಅದಕ್ಕೇ. ರೇಷ್ಮೆಯಲ್ಲೂ ಸ್ಯಾಟಿನ್ ಉಂಟು, ಪಾಲಿಯೆಸ್ಟರಿನಲ್ಲೂ ಉಂಟು. ಚಿಕ್ಕಪೇಟೆಯಲ್ಲಿ ಸುರುಳಿ ಲೆಕ್ಕದಲ್ಲಿ ತರುತ್ತೀವಲ್ಲ, ಅದು ಪಾಲಿಯೆಸ್ಟರ್.

ತರುವಾಗ ಒಂದು ವಿಷಯ ನೋಡಿಕೊಳ್ಳಿ. ಒಳ್ಳೆಯ ರಿಬ್ಬನ್ನಿಗೆ ಎರಡು ಕಡೆಯೂ ನೇಯ್ದ ಅಂಚು ಇರುತ್ತದೆ, ಉಗುರಿನಲ್ಲಿ ಸವರಿದರೆ ಗೊತ್ತಾಗುತ್ತದೆ. ಅಗಲ ಬಟ್ಟೆಯನ್ನು ಬಿಸಿ ಬ್ಲೇಡಿನಲ್ಲಿ ಸೀಳಿ ಮಾಡಿದ ರಿಬ್ಬನ್ನೂ ಬರುತ್ತದೆ, ಅಗ್ಗ. ಸೂಜಿ ಹಾಕಿ ನೆರಿಗೆ ಎಳೆದಾಗ ಅದರ ಅಂಚು ಹರಿಯುತ್ತದೆ. ಇನ್ನು ಕಾರಿಗೆ, ಉಡುಗೊರೆ ಡಬ್ಬಿಗೆ ಕಟ್ಟುವ ಪ್ಲಾಸ್ಟಿಕ್ ರಿಬ್ಬನ್ ಬೇಡವೇ ಬೇಡ. ಅದು ಬಟ್ಟೆಯೇ ಅಲ್ಲ.

ಈಗ ನನ್ನ ಕೈ ನೋಡಿ. ಅರ್ಧ ಇಂಚಿನ ಕೆಂಪು ರಿಬ್ಬನ್, ಉದ್ದ ಒಂದು ಮೊಳದ ಮೇಲೆ ನಾಲ್ಕು ಬೆರಳು. ಮಧ್ಯಕ್ಕೆ ಹಿಡಿದು ಮೂಲೆ ಮಾಡಿ ಮಡಚಿದೆ. ಈಗ ಒಂದು ಬಾಲ ಕೆಳಗೆ, ಇನ್ನೊಂದು ಪಕ್ಕಕ್ಕೆ. ಕೆಳಗಿನದನ್ನು ಇದರ ಮೇಲೆ ಮಡಚಿದೆ. ಪಕ್ಕದ್ದನ್ನು ಅದರ ಮೇಲೆ. ಮತ್ತೆ ಇದು, ಮತ್ತೆ ಅದು. ಚಿಕ್ಕವರಿದ್ದಾಗ ತೆಂಗಿನ ಗರಿಯಲ್ಲಿ ಮಾಡುತ್ತಿದ್ದೆವಲ್ಲ, ಸ್ಪ್ರಿಂಗಿನ ಥರ, ಅದೇ. ಸುಮಾರು 30 ಮಡಿಕೆ ಆಗಬೇಕು. ಆಯ್ತು. ಎರಡೂ ಬಾಲ ಒಟ್ಟಿಗೆ ಹಿಡಿದು ಮಡಿಕೆ ಕೈಬಿಟ್ಟೆ. ಎಲ್ಲಾ ಹಾಳಾಯ್ತು ಅನ್ನಿಸುತ್ತೆ, ಅಲ್ವಾ? ಈಗ ಒಂದೇ ಬಾಲವನ್ನು ನಿಧಾನಕ್ಕೆ ಎಳೆಯುತ್ತೇನೆ. ನಿಧಾನಕ್ಕೆ. ನೋಡಿ, ನೋಡಿ... ಗುಲಾಬಿ.

ಚಪ್ಪಾಳೆ ಹೊಡೆದಿರಿ, ಸಂತೋಷ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಸ್ಯಾಟಿನ್ ಜಾರುತ್ತದೆ ಅನ್ನೋ ಅದರ ದುರ್ಗುಣವೇ ಇಲ್ಲಿ ಕೆಲಸ ಮಾಡಿದ್ದು. ಹತ್ತಿ ಪಟ್ಟಿಯಲ್ಲಿ ಇದನ್ನೇ ಮಾಡಿ ನೋಡಿ, ಮಡಿಕೆಗಳು ಒಂದಕ್ಕೊಂದು ಕಚ್ಚಿಕೊಂಡು ಅರ್ಧಕ್ಕೇ ನಿಲ್ಲುತ್ತವೆ. ಎಳೆಯೋದು ಎಲ್ಲಿ ನಿಲ್ಲಿಸಬೇಕು ಅನ್ನೋದು ಮಾತ್ರ ಕೈಗೆ ಬರಬೇಕು. ಒಂದು ಎಳೆತ ಜಾಸ್ತಿ ಆದರೆ ನಡುವಿನ ಮೊಗ್ಗು ಒಳಗೆ ಇಳಿದು ಗುಳಿ ಬೀಳುತ್ತದೆ. ಸರಿ ಅನ್ನಿಸಿದ ಕ್ಷಣ ಬುಡವನ್ನು ಉಗುರಿನಲ್ಲಿ ಒತ್ತಿಕೊಂಡು ಸೂಜಿ ಆಡಿಸಿ. ಮೂರು ಹೊಲಿಗೆ ಸಾಕು.

ಇನ್ನೊಂದು ಗುಲಾಬಿ ಇದೆ, ನೆರಿಗೆಯದ್ದು. ಒಂದಿಂಚಿನ ರಿಬ್ಬನ್ ಒಂದು ಮೊಳ ತಗೊಳ್ಳಿ. ಹೂವಾಡಗಿತ್ತಿ ಅಳೆಯುತ್ತಾಳಲ್ಲ, ಮೊಣಕೈಯಿಂದ ಬೆರಳ ತುದಿಗೆ, ಅದೇ ಮೊಳ. ನಾನು ಟೇಪ್ ಹಿಡಿಯುವುದೇ ಇಲ್ಲ. ಒಂದು ಅಂಚಿನ ಗುಂಟ ಓಡು ಹೊಲಿಗೆ ಹಾಕಿ ದಾರ ಎಳೆದರೆ ಮೂರರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ. ಶುರುವಿನಲ್ಲಿ ಬಿಗಿ ಸುತ್ತು, ಬರಬರುತ್ತಾ ಸಡಿಲ. ಎಲ್ಲಾ ಒಂದೇ ಬಿಗಿಯಲ್ಲಿ ಸುತ್ತಿದರೆ ಎಲೆಕೋಸು ಆಗುತ್ತದೆ. ನಾನು ಮಾಡಿದ ಮೊದಲ ಹತ್ತಿಪ್ಪತ್ತು ಗುಲಾಬಿಯೂ ಎಲೆಕೋಸೇ.

ಮೇಣದಬತ್ತಿಯ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಪಾಲಿಯೆಸ್ಟರ್ ಸುಮಾರು 250 ಡಿಗ್ರಿ ದಾಟಿದರೆ ಕರಗುತ್ತದೆ. ಎಳೆ ಬಿಡುವ ಅಂಚನ್ನು ಬೆಂಕಿಗೆ ತೋರಿಸಿದರೆ ಎಳೆಗಳು ಕರಗಿ ಒಂದಕ್ಕೊಂದು ಅಂಟಿಕೊಂಡು ಅಂಚು ಮುಚ್ಚಿಹೋಗುತ್ತದೆ. ಅದರ ಜೊತೆಗೆ ಬಟ್ಟೆ ಸ್ವಲ್ಪ ಸುರುಟುತ್ತದೆ. ಆ ಸುರುಟೇ ಎಸಳು. ದುಂಡಗೆ ಕತ್ತರಿಸಿದ ಬಿಲ್ಲೆ, 3 ಇಂಚಿನದ್ದು ಒಂದು, ಎರಡೂವರೆಯದ್ದು ಒಂದು, 2 ಇಂಚಿನದ್ದು ಒಂದು, ಹೀಗೆ ಚಿಕ್ಕದು ಮಾಡುತ್ತಾ ಐದು. ಅಂಚಿನಿಂದ ಒಳಕ್ಕೆ ನಾಲ್ಕೈದು ಕಡೆ ಕತ್ತರಿ ಹಾಕಿ, ಸುತ್ತಲೂ ಶಾಖ ಕೊಟ್ಟು, ಒಂದರ ಮೇಲೊಂದು ಇಟ್ಟು ನಡುವೆ ಮಣಿ ಹೊಲಿದರೆ ಹೂವು ತಯಾರು.

ಎಲ್ಲರೂ ಮಾಡುವ ತಪ್ಪು ಏನು ಗೊತ್ತಾ? ಬಟ್ಟೆಯನ್ನು ಜ್ವಾಲೆಯ ಹಳದಿ ತುದಿಯೊಳಗೆ ಹಿಡಿಯುತ್ತಾರೆ. ಅಲ್ಲಿ ಮಸಿ ಇದೆ. ಬಿಳಿ ಹೂವಿಗೆ ಕಪ್ಪು ಕಾಡಿಗೆ ಬಳಿದ ಹಾಗೆ ಆಗುತ್ತದೆ. ಜ್ವಾಲೆಯ ಪಕ್ಕದಲ್ಲಿ, ಬುಡದ ನೀಲಿಯ ಮಟ್ಟಕ್ಕೆ, ಒಂದು ಬೆರಳಷ್ಟು ದೂರ ಹಿಡಿಯಿರಿ. ಒಳಗೆ ಹಾಕಬೇಡಿ, ಬದಿಯಿಂದ ದಾಟಿಸಿ. ಯಾವ ಮುಖ ಬೆಂಕಿ ಕಡೆ ಇರುತ್ತದೋ ಆ ಕಡೆಗೇ ಬಾಗುವುದು ಜಾಸ್ತಿ, ಅದನ್ನು ನೋಡಿಕೊಂಡು ಬಿಲ್ಲೆ ತಿರುಗಿಸಿ. ಪಕ್ಕದಲ್ಲಿ ಒಂದು ಬಟ್ಟಲು ನೀರು ಇರಲಿ. ಸೆರಗು ಸಿಕ್ಕಿಸಿಕೊಳ್ಳಿ, ಜಡೆ ಹಿಂದಕ್ಕೆ ಹಾಕಿಕೊಳ್ಳಿ. ಮಕ್ಕಳ ಕೈಗೆ ಈ ಕೆಲಸ ಕೊಡಬೇಡಿ. ಅವರಿಗೆ ಮಡಚೋದು, ಎಳೆಯೋದು ಕೊಡಿ.

ಹತ್ತಿಗೆ ಈ ಆಟ ನಡೆಯುವುದಿಲ್ಲ. ಬೆಂಕಿ ತೋರಿಸಿದರೆ ಸುಟ್ಟೇ ಹೋಗುತ್ತದೆ. ಅದಕ್ಕೆ ಬೇರೆ ಎರಡು ದಾರಿ ಇವೆ. ಒಂದು, ಕ್ರಾಸ್ ಕತ್ತರಿಸೋದು. ಇಲ್ಲಿ ಟೈಲರಿಂಗ್ ಗೊತ್ತಿರುವವರಿಗೆ ಕ್ರಾಸ್ ಪಟ್ಟಿ ಅಂದರೆ ಗೊತ್ತೇ ಇದೆ, ಕುತ್ತಿಗೆಗೆ ಪೈಪಿಂಗ್ ಕೊಡೋಕೆ ಕತ್ತರಿಸುತ್ತೀವಲ್ಲ, 45 ಡಿಗ್ರಿಗೆ, ಓರೆಯಾಗಿ. ಓರೆ ಕತ್ತರಿಸಿದರೆ ಹಾಸು ಹೊಕ್ಕು ಎರಡೂ ಒಂದೇ ಲೆಕ್ಕದಲ್ಲಿ ತುಂಡಾಗುತ್ತವೆ. ಯಾವ ಎಳೆಯೂ ಉದ್ದಕ್ಕೆ ಕಳಚಿ ಬರುವುದಿಲ್ಲ. ಬಟ್ಟೆ ಎಳೆದರೆ ಬರುತ್ತದೆ, ಬಾಗಿಸಿದರೆ ಬಾಗುತ್ತದೆ. ಎರಡಿಂಚಿನ ಕ್ರಾಸ್ ಪಟ್ಟಿಯನ್ನು ಉದ್ದಕ್ಕೆ ಎರಡು ಮಡಿಕೆ ಮಾಡಿ, ಬಿಡಿ ಅಂಚಿಗೆ ಹೊಲಿಗೆ ಹಾಕಿ ಸುತ್ತಿ ನೋಡಿ, ಎಸಳಿನ ತುದಿ ದುಂಡಗೆ, ತುಂಬಿಕೊಂಡು ನಿಲ್ಲುತ್ತದೆ. ಅದೇ ಪಟ್ಟಿಯನ್ನು ನೇರಕ್ಕೆ ಕತ್ತರಿಸಿ ಸುತ್ತಿದರೆ ಮುರಿದ ಮಡಿಕೆಗಳು.

ಇನ್ನೊಂದು ದಾರಿ ಗಂಜಿ. ಪ್ಯಾರಿಸ್‌ನಲ್ಲಿ ಹ್ಯಾಟಿಗೆ, ಗೌನಿಗೆ ಬಟ್ಟೆ ಹೂವು ಮಾಡುವ ಹಳೆಯ ಮನೆಗಳಿವೆ. ಲೆಮಾರಿಯೆ ಅನ್ನೋದು 1880ರಲ್ಲಿ ಶುರುವಾದದ್ದು, ಶನೆಲ್ ಅನ್ನೋ ಫ್ಯಾಷನ್ ಕಂಪನಿಯ ಕ್ಯಾಮೆಲಿಯಾ ಹೂಗಳು ಅಲ್ಲೇ ಆಗೋದು. ಆ ಕಸುಬಿನವರು ಬಟ್ಟೆಗೆ ಮೊದಲು ಗಂಜಿಯಂಥದ್ದನ್ನು ಕುಡಿಸಿ ಬಿರುಸು ಮಾಡಿಕೊಳ್ಳುತ್ತಾರೆ, ಎಸಳಿನ ಅಚ್ಚಿನಲ್ಲಿ ಕತ್ತರಿಸುತ್ತಾರೆ, ಆಮೇಲೆ ಬಿಸಿ ಮಾಡಿದ ಲೋಹದ ಗುಂಡನ್ನು ಎಸಳಿನ ನಡುವೆ ಒತ್ತಿ ಬಟ್ಟಲು ಮಾಡುತ್ತಾರೆ. ನಮಗೆ ಆ ಗುಂಡೆಲ್ಲಿ ಸಿಗಬೇಕು? ಸ್ಟೀಲ್ ಚಮಚದ ಬೆನ್ನು ಸಾಕು. ಒಲೆಯ ಮೇಲೆ ಬಿಸಿ ಮಾಡಿ, ದಿಂಬಿನ ಮೇಲೆ ಎಸಳಿಟ್ಟು, ಚಮಚದ ಬೆನ್ನಲ್ಲಿ ಒತ್ತಿ ತಿರುಗಿಸಿ. ಹಿಡಿಗೆ ಬಟ್ಟೆ ಸುತ್ತಿಕೊಳ್ಳಿ. ಗಂಜಿ ಅನ್ನ ಬಸಿದದ್ದೇ ಆಗಬಹುದು, ಮೈದಾದ್ದೂ ಆಗಬಹುದು. ಪುಸ್ತಕ ಬೈಂಡ್ ಮಾಡುವವರು ಮೈದಾ ಅಂಟಿಗೆ ಹುಳ ಬೀಳದಿರಲಿ ಅಂತ ಮೈಲುತುತ್ತ ಹಾಕುತ್ತಿದ್ದರು. ನಾನು ಹಾಕುವುದಿಲ್ಲ. ಅದು ವಿಷ, ಹೂವನ್ನು ಮಕ್ಕಳು ಬಾಯಿಗೆ ಇಡುತ್ತವೆ. ಗಂಜಿ ಹಾಕಿದ ಹೂವನ್ನು ಜಿರಳೆ ಸೇರದ ಡಬ್ಬಿಯಲ್ಲಿಡಿ, ಅಷ್ಟೇ.

ಈ ಗಂಜಿಯ ತಾಪತ್ರಯವೇ ಇಲ್ಲದ ಬಟ್ಟೆ ನನಗೆ ಸಿಕ್ಕಿದ್ದು ನಾದಿನಿಯಿಂದ. ಅವಳನ್ನು ಕೊಟ್ಟಿರೋದು ಬಾಗಲಕೋಟೆ ಕಡೆ. ಬರುವಾಗೆಲ್ಲ ಗುಳೇದಗುಡ್ಡದ ಖಣ ತರುತ್ತಾಳೆ. ಖಣ ಅಂದರೆ ರವಿಕೆ ಬಟ್ಟೆ, ಸಣ್ಣ ಸಣ್ಣ ಬುಟ್ಟಾ ನೇಯ್ದದ್ದು, ಎರಡೂ ಪಕ್ಕ ಅಂಚು. ಆ ಕಡೆ ಉಡಿ ತುಂಬುವಾಗ ಇಡುತ್ತಾರೆ. ಅದನ್ನು ಮುಕ್ಕೋನಾಗಿ ಮಡಚಿ ಇಡೋದೂ ಉಂಟು. ರವಿಕೆ ಹೊಲಿದು ಉಳಿದ ಖಣದ ಚೂರನ್ನು ಕೈಯಲ್ಲಿ ಹಿಡಿದು ನೋಡಿ, ಅದಕ್ಕೆ ಅದರದ್ದೇ ಬಿರುಸಿದೆ. ನೆರಿಗೆ ಹಿಡಿಯಲು ಹೋದರೆ ಒಪ್ಪುವುದಿಲ್ಲ, ಮಡಿಕೆ ಹಾಕಿದರೆ ಉಗುರು ಎಳೆದ ಹಾಗೆ ನಿಲ್ಲುತ್ತದೆ. ಅಂದರೆ ಅದು ಗುಲಾಬಿಯ ಬಟ್ಟೆಯಲ್ಲ. ಕಮಲದ ಬಟ್ಟೆ.

ಮಡಿಕೆ ಅಂದ ಕೂಡಲೇ ಎರಡು ಊರಿನ ಕಥೆ ಹೇಳಬೇಕು. ಸ್ವಲ್ಪ ದಾರಿ ತಪ್ಪುತ್ತೇನೆ, ತಾಳ್ಮೆ ಇರಲಿ.

ಒಂದು ಜಪಾನಿನದ್ದು. ಅಲ್ಲಿ ಸುಮಾಮಿ ಅಂತ ಒಂದು ಕೆಲಸ ಇದೆ. ಹಾಗೆಂದರೆ ಚಿಮಟುವುದು, ಚಿಟಿಕೆಯಲ್ಲಿ ಹಿಡಿಯುವುದು. ಎಡೋ ಕಾಲದಿಂದ, ಅಂದರೆ ಹದಿನೇಳರಿಂದ ಹತ್ತೊಂಬತ್ತನೇ ಶತಮಾನದ ನಡುವಿನ ಕಾಲದಿಂದ ಬಂದ ಕಸುಬು. ತೆಳು ರೇಷ್ಮೆಯನ್ನು ಪುಟ್ಟ ಪುಟ್ಟ ಚೌಕಗಳಾಗಿ ಕತ್ತರಿಸಿ, ಚಿಮಟದಲ್ಲಿ ಮಡಚಿ, ಅಕ್ಕಿಯ ಅಂಟಿನ ಮೇಲೆ ಸಾಲಾಗಿ ನಿಲ್ಲಿಸಿ, ಆಮೇಲೆ ಹೂವಾಗಿ ಜೋಡಿಸುತ್ತಾರೆ. ಹೌದು, ಅಕ್ಕಿಯ ಅಂಟೇ! ನಮ್ಮ ಗಂಜಿಯ ಅಣ್ಣ ತಮ್ಮ. ಮುಖ್ಯವಾದ ಮಡಿಕೆ ಎರಡೇ, ಒಂದು ಚೂಪು, ಇನ್ನೊಂದು ದುಂಡು. ಈ ಎರಡರಲ್ಲೇ ಅವರು ಚೆರ್ರಿ, ಸೇವಂತಿಗೆ, ವಿಸ್ಟೀರಿಯಾ ಎಲ್ಲಾ ಮಾಡುತ್ತಾರೆ. ಕ್ಯೋಟೋದಲ್ಲಿ ನೃತ್ಯ ಕಲಿಯುವ ಮೈಕೋ ಹುಡುಗಿಯರು ತಿಂಗಳಿಗೊಂದು ಹೂವು ಮುಡಿಯುತ್ತಾರೆ. ಏಪ್ರಿಲ್‌ನಲ್ಲಿ ಚೆರ್ರಿ, ಅಕ್ಟೋಬರ್‌ನಲ್ಲಿ ಸೇವಂತಿಗೆ, ನವೆಂಬರ್‌ನಲ್ಲಿ ಕೆಂಪಾದ ಮೇಪಲ್ ಎಲೆ. ಮುಡಿ ನೋಡಿದರೆ ಕ್ಯಾಲೆಂಡರ್ ಬೇಡ.

ಚೂಪು ಮಡಿಕೆ ಸುಲಭ. 2 ಇಂಚಿನ ಚೌಕ ಮೂಲೆಗೆ ಮೂಲೆ ಮಡಚಿ, ಮುಕ್ಕೋನ ಆಯ್ತು. ಅದನ್ನು ಅರ್ಧ ಮಾಡಿ. ಇನ್ನೊಂದು ಸಲ ಅರ್ಧ ಮಾಡಿ. ಒಂದೂವರೆ ಇಂಚಿಗೆ ಸ್ವಲ್ಪ ಕಡಿಮೆ ಉದ್ದದ ಎಸಳು. ಬಿಡಿ ತುದಿ ಕತ್ತರಿಸಿ, ಪಾಲಿಯೆಸ್ಟರ್ ಆದರೆ ಶಾಖ ಕೊಡಿ, ಖಣ ಆದರೆ ಎರಡು ಹೊಲಿಗೆ. ಖಣದ ಕಮಲ ಅಂದೆನಲ್ಲ, ಅದು ಇದೇ. ನಮ್ಮ ಉಡಿಯ ಮುಕ್ಕೋನಕ್ಕೂ ಜಪಾನಿನ ಮೊದಲ ಮಡಿಕೆಗೂ ಸಂಬಂಧ ಏನೂ ಇಲ್ಲ. ಬಿರುಸು ಬಟ್ಟೆಯ ಚೌಕ ಕೈಗೆ ಸಿಕ್ಕರೆ ಯಾವ ದೇಶದವರಾದರೂ ಮಾಡೋದು ಅದನ್ನೇ.

ಇನ್ನೊಂದು ಕಥೆ ನಮ್ಮ ಉತ್ತರ ಕನ್ನಡದ್ದು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಜನರಿದ್ದಾರೆ, ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ಪೀಳಿಗೆ. ಅಲ್ಲಿನ ಹೆಂಗಸರು ಹಳೆ ಬಟ್ಟೆಯ ಚೂರುಗಳಿಂದ ಕೌದಿ ಹೊಲಿಯುತ್ತಾರೆ, ಅವರು ಕವಂದಿ ಅನ್ನುತ್ತಾರೆ. ಒಂದು ಮೂಲೆಯಿಂದ ಹೊಲಿಗೆ ಶುರು ಮಾಡಿ, ಅಂಚಿನ ಗುಂಟ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ನನಗೆ ಇಷ್ಟವಾದದ್ದು ಅದರ ಮೂಲೆಗಳು. ಬಣ್ಣದ ಚೌಕಗಳನ್ನು ಮುಕ್ಕೋನವಾಗಿ ಮಡಚಿ, ಒಂದರ ಮೇಲೊಂದು ಇಟ್ಟು, ಪ್ರತಿ ಮೂಲೆಗೂ ಹೊಲಿಯುತ್ತಾರೆ. ಅದರ ಹೆಸರು ಫುಲ, ಅಂದರೆ ಹೂವು. ಫುಲ ಇಲ್ಲದ ಕೌದಿ ಬತ್ತಲೆ ಅನ್ನುತ್ತಾರಂತೆ! ಹೊದೆಯೋಕೆ ಆ ಹೂವು ಬೇಕಾಗಿಯೇ ಇಲ್ಲ, ಚಳಿ ತಡೆಯೋದು ಕೌದಿ. ಆದರೂ ಅದಿಲ್ಲದೆ ಕೆಲಸ ಮುಗಿದ ಹಾಗೆ ಅಲ್ಲ. ಸಿದ್ದಿಗಳ ಕೌದಿಯನ್ನು ಇವತ್ತು ಹೊರದೇಶದ ಪ್ರದರ್ಶನಗಳಲ್ಲೂ ಇಡುತ್ತಾರೆ. ನಮ್ಮವರು ಎಷ್ಟು ಜನ ನೋಡಿದ್ದೀವಿ?

ಸರಿ, ಮತ್ತೆ ದಾರಿಗೆ ಬರೋಣ. ನಿಮ್ಮಲ್ಲಿ ಸನ್ಮಾನಕ್ಕೆ ರೇಷ್ಮೆ ಗೂಡಿನ ಹಾರ ಹಾಕಿಸಿಕೊಂಡವರು ಇರಬಹುದು. ನಮ್ಮ ರಾಜ್ಯದಲ್ಲಿ ಅದು ಬಹಳ ಕಾಣುತ್ತದೆ, ರಾಮನಗರದಂಥ ಗೂಡಿನ ಮಾರುಕಟ್ಟೆ ಇರುವ ಊರಿನವರು ನಾವು. ಒಳ್ಳೆಯ ಗೂಡಿನಲ್ಲಿ 1,000 ಮೀಟರಿನಷ್ಟು ಉದ್ದದ ಒಂದೇ ಎಳೆ ಇರುತ್ತದೆ. ಮೊಟ್ಟೆಗಾಗಿ ಚಿಟ್ಟೆಯನ್ನು ಹೊರಗೆ ಬಿಟ್ಟ ಗೂಡಿಗೆ ತೂತು ಬಿದ್ದಿರುತ್ತದೆ. ಅದರಿಂದ ಒಂದೇ ಎಳೆಯಾಗಿ ನೂಲು ಬಿಚ್ಚೋಕೆ ಆಗುವುದಿಲ್ಲ. ಆ ತೂತು ಗೂಡನ್ನೇ ಕತ್ತರಿಸಿ, ಬಣ್ಣ ಹಾಕಿ, ಎಸಳು ಮಾಡೋದು. ಅದಕ್ಕೆ ಗಂಜಿ ಬೇಡ. ಹುಳು ಎಳೆ ಬಿಡುವಾಗಲೇ ಸೆರಿಸಿನ್ ಅನ್ನೋ ಅಂಟನ್ನೂ ಸೇರಿಸಿಯೇ ಬಿಟ್ಟಿರುತ್ತದೆ. ಬಟ್ಟಲಿನ ಆಕಾರವೂ ಹುಳುವಿನದ್ದೇ. ಹೂವು ಮಾಡುವವರಿಗೆ ಉಳಿದಿರೋದು ಕತ್ತರಿ ಎಲ್ಲಿ ಹಾಕಬೇಕು ಅನ್ನೋದು ಮಾತ್ರ. ಮೊಂಡು ಕತ್ತರಿ ತಂದರೆ ಗೂಡು ಚಪ್ಪಟೆಯಾಗುತ್ತದೆ, ಹರಿತವಾದ ಸಣ್ಣ ಕತ್ತರಿ ಬೇಕು.

ಬಟ್ಟೆ ಆಯ್ತು. ಇನ್ನು ನಿಜವಾದ ಹೂವನ್ನು ನೋಡೋದು. ಫೋಟೋ ನೋಡಿ ಮಾಡಬೇಡಿ. ಹಿತ್ತಲಿನ ಒಂಟಿ ಎಸಳಿನ ದಾಸವಾಳ ಒಂದು ಕಿತ್ತು ತಂದು, ಹಿಂದೆ ತಿರುಗಿಸಿ ನೋಡಿ. ಐದು ಎಸಳು. ಪ್ರತಿ ಎಸಳಿನ ಒಂದು ಮಗ್ಗುಲು ಪಕ್ಕದ ಎಸಳಿನ ಮೇಲೆ ಕೂತಿದೆ, ಇನ್ನೊಂದು ಮಗ್ಗುಲು ಈಚೆ ಎಸಳಿನ ಅಡಿಗೆ ಸೇರಿದೆ. ಎಲ್ಲದಕ್ಕೂ ಮೇಲೆ ಇರುವ ಎಸಳು ಅಂತ ಒಂದೂ ಇಲ್ಲ. ನಾವು ಏನು ಮಾಡುತ್ತೀವಿ? ಒಂದು, ಎರಡು, ಮೂರು, ನಾಲ್ಕು ಜೋಡಿಸಿ ಐದನೆಯದನ್ನು ಎಲ್ಲಕ್ಕೂ ಮೇಲೆ ತಂದು ಅಂಟಿಸಿಬಿಡುತ್ತೀವಿ. ಅದಕ್ಕೇ ನಮ್ಮ ಹೂವು ನೋಡಿದ ಕೂಡಲೇ ಎಲ್ಲೋ ತಪ್ಪಿದೆ ಅನ್ನಿಸುತ್ತದೆ, ಏನು ಅಂತ ಹೇಳೋಕೆ ಬರುವುದಿಲ್ಲ. ಐದನೆಯ ಎಸಳಿನ ಒಂದು ಅಂಚನ್ನು ಮೊದಲನೆಯದರ ಅಡಿಗೆ ತೂರಿಸಿ. ಅಷ್ಟಕ್ಕೇ ಹೂವು ತಿರುಗಿದ ಹಾಗೆ ಕಾಣುತ್ತದೆ. ನಂದಬಟ್ಟಲೂ ಹೀಗೇ.

ಕನಕಾಂಬರ ಇನ್ನೊಂದು ಥರ. ಅದರ ಎಸಳೆಲ್ಲ ಒಂದೇ ಕಡೆಗೆ, ಬೀಸಣಿಗೆ ಬಿಚ್ಚಿದ ಹಾಗೆ. ಸುತ್ತಲೂ ಎಸಳು ಅಂಟಿಸಿ ಕಿತ್ತಳೆ ಬಣ್ಣ ಕೊಟ್ಟರೆ ಅದು ಕನಕಾಂಬರ ಆಗುವುದಿಲ್ಲ. ಅದಕ್ಕೆ ಆರ್ಗಂಜಾ ಬಟ್ಟೆಯೇ ಸರಿ, ತೆಳುವಾಗಿ, ಬೆಳಕು ದಾಟುವ ಹಾಗೆ. ಚೆಂಡುಹೂವಿಗೆ ಹತ್ತಿ. ಹಲ್ಲುಹಲ್ಲಾಗಿ ಕತ್ತರಿಸಿದ ಪಟ್ಟಿಯನ್ನು ಬಿಗಿ ನೆರಿಗೆ ಹಿಡಿದು ಸುತ್ತಿ, ಎಳೆ ಬಿಟ್ಟರೂ ಅದಕ್ಕೆ ಶೋಭೆಯೇ. ಮಲ್ಲಿಗೆ ಮೊಗ್ಗಿಗೆ ಬಿಳಿ ಸ್ಯಾಟಿನ್ ಬೇಡ, ಹೊಳಪು ಜಾಸ್ತಿ ಆಗುತ್ತದೆ. ಸ್ಯಾಟಿನ್ ರಿಬ್ಬನ್ನಿನ ಹಿಂಬದಿ ಬಳಸಿ ನೋಡಿ. ಮೊಗ್ಗಿನ ಬಣ್ಣ ಹಿಂಬದಿಯಲ್ಲಿದೆ.

ಮೊಗ್ಗು ಅಂದಾಗ ನನ್ನ ಮಾನ ಹೋದ ಕಥೆ ಹೇಳಿಬಿಡುತ್ತೇನೆ. ಒಬ್ಬರು ಮದುವೆಗೆ ಮೊಗ್ಗಿನ ಜಡೆ ಕೇಳಿದರು. ನಿಜವಾದ ಮಲ್ಲಿಗೆ ಮೊಗ್ಗಿನದ್ದಾದರೆ ಮುಹೂರ್ತ ಮುಗಿಯುವ ಹೊತ್ತಿಗೆ ಅರಳಿ ಬಾಡುತ್ತದೆ, ಬಟ್ಟೆಯದ್ದು ಮಾಡಿಕೊಡಿ, ಆರತಕ್ಷತೆಗೂ ಆಗುತ್ತದೆ ಅಂದರು. ನಾನು ಆಗ ಹೊಸದಾಗಿ ಗ್ಲೂ ಗನ್ ಕೊಂಡಿದ್ದೆ. ಸೂಜಿ ಹಿಡಿದು ಕೂರೋದು ಯಾಕೆ, ಟಕ್ ಟಕ್ ಅಂತ ಅಂಟಿಸಿದರಾಯ್ತು ಅಂತ 200 ಮೊಗ್ಗು ಅಂಟಿಸಿದೆ. ನಾಲ್ಕು ದಿನದ ಕೆಲಸ ಎರಡು ದಿನದಲ್ಲಿ ಮುಗೀತು. ಮೇ ತಿಂಗಳು. ಅವರು ಜಡೆಯನ್ನು ಕಾರಿನ ಹಿಂದಿನ ಗಾಜಿನ ಹತ್ತಿರ ಇಟ್ಟು ಛತ್ರಕ್ಕೆ ತಗೊಂಡು ಹೋಗಿದ್ದಾರೆ. ಬಿಸಿಗೆ ಕರಗಿಸಿ ಹಾಕಿದ ಅಂಟು ಬಿಸಿಗೇ ಮೆತ್ತಗಾಗುತ್ತದೆ ಅನ್ನೋದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಧಾರೆ ಮಂಟಪದಲ್ಲಿ ಹುಡುಗಿ ಎದ್ದು ಏಳು ಹೆಜ್ಜೆ ಇಟ್ಟರೆ ಹಿಂದೆ ಮೊಗ್ಗಿನ ಸಾಲು. ಪುಟ್ಟ ಮಕ್ಕಳು ಆರಿಸಿಕೊಂಡು ಆಡುತ್ತಿದ್ದವು. ನಾನು ಊಟಕ್ಕೆ ಕೂರದೆ ಹಿಂದಿನ ಬಾಗಿಲಿನಿಂದ ಬಂದುಬಿಟ್ಟೆ.

ಅವತ್ತಿನಿಂದ ಮುಡಿಗೆ ಹೋಗುವ ಯಾವ ಹೂವಿಗೂ ಗ್ಲೂ ಗನ್ ಇಲ್ಲ. ಗೋಡೆಗೆ, ಫೋಟೋ ಚೌಕಟ್ಟಿಗೆ, ಗೌರಿ ಮಂಟಪಕ್ಕೆ ಬೇಕಾದರೆ ಬಳಸಿ. ತಲೆ ಆಡುತ್ತದೆ, ಬೆವರುತ್ತದೆ, ಸ್ಟೇಜ್ ಲೈಟಿನ ಕೆಳಗೆ ನಿಲ್ಲುತ್ತದೆ. ಭರತನಾಟ್ಯದ ಮಕ್ಕಳಿಗೆ ಮಾಡುವ ದಂಡೆಯನ್ನಂತೂ ನಾನು ಎರಡೆಳೆ ದಾರದಲ್ಲಿ ಹೊಲಿಯುತ್ತೇನೆ. ಹಿಂದೆ ಬಕ್ರಂ ಅನ್ನೋ ಬಿರುಸು ಬಟ್ಟೆಯ ಪಟ್ಟಿ, ಅದರ ಮೇಲೆ ಕಪ್ಪು ಬಟ್ಟೆ, ಅದಕ್ಕೆ ಹೂವು. ಒಂದು ಹೂವು ಕಿತ್ತರೂ ಪಕ್ಕದ್ದು ಬರಬಾರದು. ಅದಕ್ಕೆ ಪ್ರತಿ ಹೂವಿಗೂ ಗಂಟು ಹಾಕಿ ದಾರ ಕತ್ತರಿಸೋದು.

ಹಾಗಾದರೆ ಬೆಲೆ? ಇದನ್ನು ಕೇಳಲಿ ಅಂತಲೇ ಕೆಲವರು ಕಾಯುತ್ತಿದ್ದೀರಿ, ಗೊತ್ತು. ಒಂದು ಮೊಗ್ಗಿಗೆ ಕೈ ಕುದುರಿದವರಿಗೆ ಮೂರು ನಿಮಿಷ. 200 ಮೊಗ್ಗಿಗೆ 600 ನಿಮಿಷ, ಹತ್ತು ಗಂಟೆ. ಅದು ಮೊಗ್ಗು ಮಾತ್ರ, ಜೋಡಿಸೋದು ಬೇರೆ. ರಿಬ್ಬನ್ನಿನ ದುಡ್ಡು ಏನೂ ಅಲ್ಲ, ಹೋಗೋದು ದಿನ. ಒಬ್ಬರು ಬಂದು "ಅಯ್ಯೋ, ಬಟ್ಟೆ ಚೂರು ತಾನೆ, ಇಷ್ಟು ಹೇಳ್ತೀರಾ?" ಅಂದರು. "ಅಕ್ಕ, ಚೂರಿನ ದುಡ್ಡು ಬೇಡ, ಚೂರು ಪುಕ್ಕಟೆ. ಹತ್ತು ಗಂಟೆಗೆ ಎಷ್ಟು ಕೊಡ್ತೀರಿ ಹೇಳಿ" ಅಂದೆ. ಅವರು ಕೊಂಡುಕೊಳ್ಳಲಿಲ್ಲ. ಇರಲಿ. ಪೇಟೆಯಲ್ಲಿ ಯಂತ್ರದ ಹೂವು ಗೊಂಚಲಿಗೆ ಇಷ್ಟು ಅಂತ ಸಿಗುತ್ತದೆ. ಪಾಲಿಯೆಸ್ಟರನ್ನು ಅಚ್ಚಿನಲ್ಲಿ ಕತ್ತರಿಸಿ, ಬಿಸಿ ಅಚ್ಚಿನಲ್ಲಿ ಒತ್ತಿ, ಪ್ಲಾಸ್ಟಿಕ್ ತೊಟ್ಟಿಗೆ ಸಿಕ್ಕಿಸೋದು. ಅದರ ಜೊತೆ ಬೆಲೆಯಲ್ಲಿ ಪೈಪೋಟಿ ಮಾಡೋಕೆ ಹೋಗಲೇಬೇಡಿ, ಸೋಲುತ್ತೀರಿ. ಅದಕ್ಕೆ ಆಗದ ಕೆಲಸ ಹಿಡಿಯಿರಿ. ಅವರವರ ಸೀರೆಯ ಬಣ್ಣಕ್ಕೆ, ಅವರ ರವಿಕೆಯ ಚೂರಿನಲ್ಲೇ, ಅವರ ಮಗಳ ಜಡೆಯ ಉದ್ದಕ್ಕೆ ಮಾಡಿಕೊಡೋದು ಯಂತ್ರಕ್ಕೆ ಬರುವುದಿಲ್ಲ. ನನ್ನ ಅಂಗಡಿಯಲ್ಲಿ ಹೂವಿನ ಸಂಪಾದನೆ ಬಂದದ್ದೆಲ್ಲ ಆ ದಾರಿಯಿಂದಲೇ.

ಅಲ್ಲಿ ಹಿಂದೆ ಕೂತವರು ಚೀಟಿ ಕಳಿಸಿದ್ದಾರೆ. ಅಮ್ಮನ ರೇಷ್ಮೆ ಸೀರೆ ಇದೆ, ಹಳೆಯದು, ಮಡಿಕೆಯಲ್ಲಿ ಸೀಳು ಬಂದಿದೆ, ಉಡೋಕೆ ಆಗಲ್ಲ, ಹೂವು ಮಾಡಬಹುದಾ ಅಂತ. ಮಾಡಬಹುದು ಅಮ್ಮ. ಆದರೆ ಎಲ್ಲಾ ಕಡೆಯೂ ಆಗುವುದಿಲ್ಲ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟ ರೇಷ್ಮೆ ಆ ಗೆರೆಯಲ್ಲೇ ಸಾಯುತ್ತದೆ, ಅಲ್ಲಿ ಸೂಜಿ ಹಾಕಿದರೆ ಇನ್ನೂ ಬಿರಿಯುತ್ತದೆ. ಬೆಳಕಿಗೆ ಹಿಡಿದು ಗೆರೆ ಎಲ್ಲೆಲ್ಲಿದೆ ಅಂತ ನೋಡಿ ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಳ್ಳಿ. ಗೆರೆಗಳ ಮಧ್ಯೆ ಸಿಗುವ ಜಾಗದಲ್ಲಿ ಚೌಕ ತೆಗೆಯಿರಿ. ಹಳೆ ರೇಷ್ಮೆ ಮೆತ್ತಗಿರುತ್ತದೆ, ಹಿಂದೆ ಮಲ್ ಅನ್ನೋ ತೆಳು ಹತ್ತಿ ಬಟ್ಟೆ ಒಂದು ಪದರ ಕೊಡಿ. ಉಗುರು ಎಳೆದು ಮಡಿಕೆ ಮಾಡಬೇಡಿ, ಮತ್ತೆ ಅಲ್ಲೇ ಸೀಳುತ್ತದೆ. ಅದಕ್ಕೆ ದುಂಡು ಮಡಿಕೆ ಇಲ್ಲವೇ ಕ್ರಾಸ್ ಪಟ್ಟಿಯ ಗುಲಾಬಿ. ಜರಿ ಅಂಚನ್ನು ಎಸಳಿನ ತುದಿಗೆ ಬರುವ ಹಾಗೆ ನೋಡಿಕೊಂಡರೆ ಬಹಳ ಚೆನ್ನಾಗಿರುತ್ತದೆ. ಮೊದಲು ಎರಡೇ ಚೌಕ ಕತ್ತರಿಸಿ, ಅದೂ ಒಳಗೆ ಸಿಕ್ಕಿಸುವ ಕಡೆಯಿಂದ. ಒಂದು ಹೂವು ಮಾಡಿ, ಹದಿನೈದು ದಿನ ಇಟ್ಟು ನೋಡಿ. ಸೆರಗಿಗೆ ಆಮೇಲೆ ಕತ್ತರಿ ಹಾಕೋಣ. ಧೈರ್ಯ ಬರದಿದ್ದರೆ ಸೀರೆ ತಗೊಂಡು ನನ್ನ ಹತ್ತಿರ ಬನ್ನಿ, ಇಬ್ಬರೂ ಸೇರಿ ಕತ್ತರಿಸೋಣ.

ಈಗ ಮೇಜಿನ ಸುತ್ತ ಬನ್ನಿ. ಒಂದೊಂದು ಮೇಜಿಗೆ ಆರು ಜನ ಸಾಕು, ಮೊಣಕೈ ತಾಗಬಾರದು. ರಿಬ್ಬನ್ ಅಳೆಯೋಕೆ ಟೇಪ್ ಇಟ್ಟಿಲ್ಲ, ನಿಮ್ಮ ನಿಮ್ಮ ಕೈಯಲ್ಲೇ ಒಂದು ಮೊಳ ತಗೊಳ್ಳಿ. ಮೇಣದಬತ್ತಿ ಹಚ್ಚುತ್ತಿದ್ದೇನೆ, ಬಾಗಿಲ ಹತ್ತಿರ ಇರೋರು ಯಾರಾದರೂ ಫ್ಯಾನ್ ಆರಿಸಿ.